ಪ್ಯಾಪ್ ರಿಪೋರ್ಟ್ ನೋಡಿ ಸಿ53.9 ಬಡಿಯುವವರಿಗೆ

ಎಷ್ಟು ಸಲ ಹೇಳೋದು ಮಾರಾಯ್ರೇ! ಪ್ಯಾಪ್ ಸ್ಮಿಯರ್‌ನಲ್ಲಿ (ಗರ್ಭಕೊರಳಿನ ಕೋಶ ಕೆರೆದು ನೋಡೋ ಪರೀಕ್ಷೆ) ಎಚ್‌ಎಸ್‌ಐಎಲ್, ಅಂದ್ರೆ ತೀವ್ರವಾಗಿ ಬದಲಾದ ಕೋಶ, ಬಂತು ಅಂದ ಮಾತ್ರಕ್ಕೆ ಆ ಹೆಂಗಸಿಗೆ ಕ್ಯಾನ್ಸರ್ ಅಂತಲ್ಲ. ಬೆಂಗಳೂರಲ್ಲಿ ಕೂತು ಅಮೆರಿಕದ ರೋಗಿಗಳ ಚಾರ್ಟ್ ಓದಿ ಕಾಯಿಲೆಗೆ ಕೋಡ್ ಹಾಕೋ ಫ್ಲೋರುಗಳಲ್ಲಿ ಬೆಳಗಾದರೆ ಇದೇ ತಪ್ಪು. ಆ ಕೋಡುಗಳ ಪಟ್ಟಿ ಐಸಿಡಿ-10-ಸಿಎಂ ಅಲ್ಲಿ ಜಾರಿಗೆ ಬಂದಿದ್ದು 2015ರ ಅಕ್ಟೋಬರ್ 1ಕ್ಕೆ. ಇಷ್ಟು ವರ್ಷ ಆದಮೇಲೂ ಆರ್87.613 (ಪ್ಯಾಪ್‌ನಲ್ಲಿ ಎಚ್‌ಎಸ್‌ಐಎಲ್) ಹಾಕೋ ಕಡೆ ಸಿ53.9 (ಗರ್ಭಕೊರಳಿನ ಕ್ಯಾನ್ಸರ್, ಯಾವ ಭಾಗ ಅಂತ ಹೇಳಿಲ್ಲ) ಬಡಿದು ಮುಂದಿನ ಚಾರ್ಟಿಗೆ ಹಾರ್ತಾರಲ್ಲ, ಏನನ್ನೋದು ಇವರಿಗೆ?

ಪ್ಯಾಪ್‌ನಲ್ಲಿ ಸಿಗೋದು ಕೆರೆದು ತೆಗೆದ ಬಿಡಿ ಜೀವಕೋಶ. ರೋಗ ತಳಪೊರೆ ದಾಟಿ ಒಳಗಿಳಿದಿದೆಯೋ ಇಲ್ಲವೋ ಅನ್ನೋದು ಅದರಲ್ಲಿ ತಿಳಿಯಲ್ಲ, ಬಯಾಪ್ಸಿಯ ತುಂಡೇ ಬೇಕು. ಅದಕ್ಕೇ ಸೈಟಾಲಜಿಗೆ (ಬಿಡಿ ಕೋಶದ ಪರೀಕ್ಷೆಗೆ) ಆರ್87.61 ಅಂತ ಬೇರೆ ಮನೆ ಕಟ್ಟಿರೋದು. ಕೊನೆಯ ಅಂಕಿ ಆಸ್ಕಸ್‌ಗೆ (ಅರ್ಥ ಸ್ಪಷ್ಟವಾಗದ ಅಸಹಜ ಕೋಶ) 0, ಆಸ್ಕ್-ಎಚ್‌ಗೆ (ಎಚ್‌ಎಸ್‌ಐಎಲ್ ಅಲ್ಲ ಅನ್ನೋಕಾಗದ್ದು) 1, ಎಲ್‌ಎಸ್‌ಐಎಲ್‌ಗೆ (ಸೌಮ್ಯ ಬದಲಾವಣೆ) 2, ಎಚ್‌ಎಸ್‌ಐಎಲ್‌ಗೆ 3. ರಿಪೋರ್ಟಲ್ಲಿ ಕ್ಯಾನ್ಸರ್ ಕೋಶ ಕಂಡಿದೆ ಅಂತ ಬರೆದಿದ್ದರೂ ಬಯಾಪ್ಸಿ ಆಗಿಲ್ಲ ಅಂದ್ರೆ ಅದು ಆರ್87.614. ತುಂಡಿನ ರಿಪೋರ್ಟ್ ಬಂದ ಮೇಲೆ ಸಿಐಎನ್ (ಕ್ಯಾನ್ಸರ್‌ಗೆ ಮುಂಚಿನ ಬದಲಾವಣೆಯ ಹಂತ) 1 ಆದ್ರೆ ಎನ್87.0, ಸಿಐಎನ್ 2 ಆದ್ರೆ ಎನ್87.1, ಸಿಐಎನ್ 3 ಆದ್ರೆ ಡಿ06. ತಳಪೊರೆ ಒಡೆದಿದ್ದರೆ ಮಾತ್ರ ಸಿ53. ಇನ್ನು ಕೆಲವರು ಬುದ್ಧಿವಂತಿಕೆ ಮಾಡ್ತೀವಿ ಅಂತ, ಬಯಾಪ್ಸಿ ರಿಪೋರ್ಟ್ ಬರೋ ತನಕ ಡಿ39.0 ಹಾಕಿಡ್ತಾರೆ. ಅದು ‘ರಿಪೋರ್ಟ್ ಇನ್ನೂ ಬಂದಿಲ್ಲ’ ಅನ್ನೋ ಕೋಡ್ ಅಲ್ಲಪ್ಪ! ಗಡ್ಡೆಯ ಸ್ವಭಾವ ನಿರ್ಧರಿಸೋಕಾಗಲ್ಲ ಅಂತ ಪೆಥಾಲಜಿಸ್ಟೇ ಬರೆದಾಗ ಹಾಕೋದು ಅದು.

ಡಾಕ್ಟರುಗಳೇನು ಕಮ್ಮಿಯಿಲ್ಲ. 2012ರಲ್ಲಿ ಬಯಾಪ್ಸಿಗೂ ಎಲ್‌ಎಸ್‌ಐಎಲ್, ಎಚ್‌ಎಸ್‌ಐಎಲ್ ಅನ್ನೋ ಎರಡೇ ಮೆಟ್ಟಿಲಿನ ಹೆಸರು ಬಂತು. ಸರಿ, ಬರೀರಿ. ಆದರೆ ಬಯಾಪ್ಸಿಯಲ್ಲಿ ಬರೀ ಎಚ್‌ಎಸ್‌ಐಎಲ್ ಅಂದ್ರೆ ಸಿಐಎನ್ 2 ಕೂಡ ಆಗಬಹುದು, ಸಿಐಎನ್ 3 ಕೂಡ. ಪಕ್ಕದಲ್ಲಿ ಸಿಐಎನ್ 2 ಅಥವಾ 3 ಅಂತ ನಾಲ್ಕಕ್ಷರ ಗೀಚಿದರೆ ಪೆನ್ನಿನ ಇಂಕು ಖಾಲಿಯಾಗುತ್ತಾ? ಒಂದು ಎನ್87.1, ಇನ್ನೊಂದು ಡಿ06. ಊಹೆ ಮಾಡಿ ಹಾಕೋ ಹಕ್ಕು ಕೋಡರ್‌ಗಿಲ್ಲ, ಡಾಕ್ಟರಿಗೆ ಕ್ವೆರಿ (ಸ್ಪಷ್ಟನೆ ಕೇಳೋ ಪ್ರಶ್ನೆ) ಕಳಿಸಲೇಬೇಕು.

ಓಪಿಡಿಯಲ್ಲಿ ‘ಕ್ಯಾನ್ಸರ್ ಅನುಮಾನ’, ‘ರೂಲ್ ಔಟ್’ ಅಂತ ಬರೆದಿದ್ದರೆ ಲಕ್ಷಣಕ್ಕೆ ಕೋಡ್ ಹಾಕ್ಬೇಕು. ಸಂಭೋಗದ ನಂತರ ರಕ್ತ ಹೋಗ್ತಿದೆ ಅಂದ್ರೆ ಎನ್93.0, ಅಷ್ಟೇ. ಅಡ್ಮಿಟ್ ಆದವರ ಡಿಸ್ಚಾರ್ಜ್ ವೇಳೆಗೂ ಅನುಮಾನ ಉಳಿದಿದ್ದರೆ ಇದೆ ಅಂತಲೇ ಕೋಡ್ ಮಾಡೋ ನಿಯಮ ಬೇರೆ. ಆ ನಿಯಮವನ್ನ ಓಪಿಡಿಗೆ ಎಳೆದು ತರೋದೇ ಅರ್ಧ ಅನಾಹುತಕ್ಕೆ ಕಾರಣ. ಹಾಗೆ ಬಿದ್ದ ಒಂದು ಸಿ53.9 ಆ ಹೆಂಗಸಿನ ಪ್ರಾಬ್ಲಂ ಲಿಸ್ಟಿಗೆ ಅಂಟಿಕೊಂಡರೆ ಬಿಡಿಸೋರ್ಯಾರು? ಇನ್ಶೂರೆನ್ಸ್ ಕಡತದಲ್ಲಿ ಆಕೆ ಕ್ಯಾನ್ಸರ್ ರೋಗಿ.

ಕ್ಯಾನ್ಸರ್ ಖಾತ್ರಿ ಆದಮೇಲಾದ್ರೂ ಸರಿ ಮಾಡ್ತಾರಾ? ಒಳಗಿನ ಕಾಲುವೆಯಲ್ಲಿದ್ದರೆ ಸಿ53.0, ಹೊರಮೈಯಲ್ಲಿದ್ದರೆ ಸಿ53.1. ಎರಡೂ ಕೂಡೋ ಸ್ಕ್ವಾಮೊ-ಕಾಲಮ್ನರ್ ಜಂಕ್ಷನ್‌ಗೆ ಮತ್ತು ಗರ್ಭಕೋಶ ತೆಗೆದಾಗ ಉಳಿಸಿದ ಮೋಟಿಗೆ ಗಡ್ಡೆಗಳ ಕೋಡ್ ಟೇಬಲ್ಲಿನಲ್ಲಿ ಸಿ53.8 ಅಂತ ಸ್ಪಷ್ಟವಾಗಿದೆ. ಆದರೆ ಟೇಬಲ್ಲಿನ ಮೊದಲ ಸಾಲಲ್ಲೇ ಸಿ53.9 ಕೂತಿದೆ ನೋಡಿ, ಕೆಳಗಿನ ಸಾಲಿಗೆ ಕಣ್ಣು ಹೋಗೋದೇ ಇಲ್ಲ. ಯೋನಿಗೆ ಹರಡಿದ್ದರೆ ಸಿ57.8 (ಒಂದಕ್ಕಿಂತ ಹೆಚ್ಚು ಸ್ತ್ರೀ ಅಂಗ ಆವರಿಸಿದ ಗಡ್ಡೆ) ಹಾಕೋ ಮಹಾನುಭಾವರೂ ಇದ್ದಾರೆ. ಹುಟ್ಟಿದ ಜಾಗ ಗೊತ್ತಿರೋವಾಗ ಅದಕ್ಕೆ ಸಿ53, ಹರಡಿದ್ದಕ್ಕೆ ಸಿ79.82.

ಫ್ರೆಶರ್‌ಗಳಿಗೆ ಇನ್ನೊಂದು ಗುಂಡಿ: ‘ಸರ್ವೈಕಲ್ ಲಿಂಫ್ ನೋಡ್’. ಲ್ಯಾಟಿನ್‌ನಲ್ಲಿ ಸರ್ವಿಕ್ಸ್ ಅಂದ್ರೆ ಕುತ್ತಿಗೆ, ನಾವೂ ಗರ್ಭಕೊರಳು ಅಂತೀವಲ್ಲ, ಹಾಗೆ. ಆ ನೋಡ್ ಇರೋದು ನಿಜವಾದ ಕತ್ತಲ್ಲಿ, ಹರಡಿದ್ದರೆ ಸಿ77.0. ಗಂಡಸಿನ ಚಾರ್ಟಿಗೆ ಸಿ53 ಬಿದ್ದರೆ ತಪ್ಪು ಕಣ್ಣಿಗೆ ಹೊಡೆಯುತ್ತೆ. ಹೆಂಗಸಿನ ಚಾರ್ಟಾದ್ರೆ ಸಲೀಸಾಗಿ ಹೊರಟೇಹೋಗುತ್ತೆ.

ಎಲ್ಲಕ್ಕಿಂತ ರಕ್ತ ಕುದಿಯೋದು ‘ಹಿಸ್ಟರಿ ಆಫ್’ ಅನ್ನೋ ಮಾತಿಗೆ. ವಾರವಾರ ಸಿಸ್ಪ್ಲಾಟಿನ್ (ಕೀಮೋ ಮದ್ದು) ಹತ್ತುತ್ತಿದೆ, ರೇಡಿಯೇಶನ್ ನಡೀತಿದೆ, ಡಾಕ್ಟರ್ ಮಾತ್ರ ‘ಹಿಸ್ಟರಿ ಆಫ್ ಸಿಎ ಸರ್ವಿಕ್ಸ್’ ಅಂತ ಬರೀತಾರೆ, ಕೋಡರ್ ಕಣ್ಣುಮುಚ್ಚಿ ಝಡ್85.41 (ಹಿಂದೆ ಇದ್ದ ಗರ್ಭಕೊರಳಿನ ಕ್ಯಾನ್ಸರ್) ಒತ್ತುತ್ತಾನೆ. ಆಪರೇಶನ್ ಆಗಿ ಗಡ್ಡೆ ಹೋಗಿದ್ದರೂ ಅದೇ ಕ್ಯಾನ್ಸರಿಗೆ ಚಿಕಿತ್ಸೆ ನಡೀತಿದ್ದರೆ ಸಿ53 ಇರಬೇಕು. ಬಂದಿದ್ದು ಆ ಚಿಕಿತ್ಸೆಗೇ ಆದ್ರೆ ರೇಡಿಯೇಶನ್‌ಗೆ ಝಡ್51.0, ಕೀಮೋಗೆ ಝಡ್51.11 ಮುಂದೆ, ಸಿ53 ಹಿಂದೆ. ಚಿಕಿತ್ಸೆ ಮುಗಿದು, ರೋಗದ ಸುಳಿವಿಲ್ಲದೆ ಬರೀ ತಪಾಸಣೆಗೆ ಬಂದಾಗಲೇ ಝಡ್08, ಝಡ್85.41. ಗರ್ಭಕೋಶ, ಕೊರಳು ಎರಡೂ ತೆಗೆದಿದ್ದರೆ ಜೊತೆಗೆ ಝಡ್90.710.

ಇದನ್ನೆಲ್ಲ ನೋಡೋಕೆ ಪೆಥಾಲಜಿ, ಆಪರೇಶನ್ ನೋಟ್, ಚಿಕಿತ್ಸೆಯ ಶೀಟ್ ಮೂರೂ ತೆರೀಬೇಕು. ಟೈಂ ಎಲ್ಲಿದೆ? ಗಂಟೆಗೆ ಇಷ್ಟು ಚಾರ್ಟ್ ಅಂತ ಟಾರ್ಗೆಟ್. ಕ್ವೆರಿ ಕಳಿಸಿದರೆ ಚಾರ್ಟ್ ಹೋಲ್ಡ್, ಹೋಲ್ಡ್ ಆದದ್ದು ಲೆಕ್ಕಕ್ಕಿಲ್ಲ. ‘ಸದ್ಯಕ್ಕೆ 9 ಹಾಕಿ ಮುಗಿಸಮ್ಮ’ ಅಂತ ಟೀಮ್ ಲೀಡೇ ಹೇಳ್ತಾರೆ. ತಿಂಗಳು ಬಿಟ್ಟು ಆಡಿಟ್‌ನಲ್ಲಿ ಅದೇ 9ಕ್ಕೆ ಕೆಂಪು ಗುರುತು ಬಿದ್ದಾಗ ಮಾತ್ರ ಆ ಲೀಡ್ ಮೀಟಿಂಗಲ್ಲಿ ಬ್ಯುಸಿ.