ಮೈಲುತುತ್ತ ಯಾಕೆ ನೀಲಿ?

ಕಳೆದ ಭಾನುವಾರ ಸೋಮವಾರಪೇಟೆ ಹತ್ತಿರ ಅಕ್ಕನ ಮನೆಗೆ ಹೋಗಿದ್ದೆ. ಮಳೆ ಹಿಡಿಯುವುದರೊಳಗೆ ಕಾಫಿ ಗಿಡಕ್ಕೆ ಬೋರ್ಡೋ, ಅಂದರೆ ಶಿಲೀಂಧ್ರ ರೋಗದ ಮದ್ದು, ಹೊಡೆದು ಮುಗಿಸಬೇಕು ಅಂತ ಭಾವ ಡ್ರಮ್ಮಿನ ಮುಂದೆ ನಿಂತಿದ್ದರು. ಅಕ್ಕನ ಮಗಳು ಸೆಕೆಂಡ್ ಪಿಯುಸಿ ಮುಗಿಸಿದ್ದಾಳೆ. ಕೆಮಿಕಲ್ ಫಿಸಿಕ್ಸೇ ಓದಬೇಕು ಅಂತ ಅವಳ ಹಟ. ನನ್ನನ್ನು ಕಂಡದ್ದೇ ಭಾವ ಶುರು ಮಾಡಿದರು: "ನೀನೂ ಬಿಎಸ್ಸಿ ಮಾಡಿದವನಲ್ವಾ, ಹೇಳು. ಅದು ಫಿಸಿಕ್ಸೋ ಕೆಮಿಸ್ಟ್ರಿಯೋ? ಎರಡು ದೋಣಿ ಮೇಲೆ ಕಾಲಿಟ್ಟ ಹಾಗಾಗಲ್ವಾ?"

ಉತ್ತರ ಅವರ ಡ್ರಮ್ಮಿನಲ್ಲೇ ಇತ್ತು. ಒಂದು ಪರ್ಸೆಂಟ್ ಬೋರ್ಡೋಗೆ 1 ಕೆಜಿ ಮೈಲುತುತ್ತ (ತಾಮ್ರದ ಲವಣ, ಕಾಪರ್ ಸಲ್ಫೇಟ್), 1 ಕೆಜಿ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿದು ಕದಡಬೇಕು. ಆಮೇಲೆ ಕಬ್ಬಿಣದ ಚಾಕು ಅದ್ದಿ ಸ್ವಲ್ಪ ಹೊತ್ತು ಬಿಟ್ಟು ನೋಡುತ್ತಾರೆ. ಅಲಗು ಕೆಂಪಾದರೆ ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ, ಸುಣ್ಣ ಸಾಲದು ಅಂತ ಲೆಕ್ಕ. ಕಬ್ಬಿಣ ಕರಗಿ ಅದರ ಜಾಗದಲ್ಲಿ ತಾಮ್ರ ಕೂರುತ್ತದೆ. ಇದು ಕೆಮಿಸ್ಟ್ರಿ. ಭಾವನಿಗೆ ನನಗಿಂತ ಚೆನ್ನಾಗಿ ಗೊತ್ತು.

ಆದರೆ ಮೈಲುತುತ್ತ ನೀಲಿ ಯಾಕೆ? ಅದನ್ನೇ ಕಾಯಿಸಿದರೆ ಹರಳಿನೊಳಗಿನ ನೀರು ಹೋಗಿ ಬಿಳಿ ಪುಡಿ ಆಗುತ್ತದೆ. ಒಂದು ಹನಿ ನೀರು ಬಿದ್ದರೆ ಮತ್ತೆ ನೀಲಿ. ತಾಮ್ರ ಅದೇ. ಸುತ್ತ ನೀರಿನ ಅಣುಗಳು ಬಂದು ಕೂತಾಗ ತಾಮ್ರದ ಎಲೆಕ್ಟ್ರಾನುಗಳ ಶಕ್ತಿಯ ಮೆಟ್ಟಿಲುಗಳು ಬೇರೆ ಅಳತೆಗೆ ಬರುತ್ತವೆ. ಆಗ ಕೆಂಪು ಕಡೆಯ ಬೆಳಕನ್ನು ಅದು ನುಂಗುತ್ತದೆ, ನಮ್ಮ ಕಣ್ಣಿಗೆ ಉಳಿಯುವುದು ನೀಲಿ. ಈ ಮೆಟ್ಟಿಲಿನ ಲೆಕ್ಕ ಹಾಕುವುದಕ್ಕೆ ಕ್ವಾಂಟಮ್ ಮೆಕ್ಯಾನಿಕ್ಸ್, ಅಂದರೆ ಎಲೆಕ್ಟ್ರಾನಿನಂಥ ಸಣ್ಣ ಕಣಗಳ ಫಿಸಿಕ್ಸ್, ಬೇಕು. ಕೇಳಿದ್ದು ಕೆಮಿಸ್ಟ್ರಿಯ ಪ್ರಶ್ನೆ, ಉತ್ತರ ಸಿಕ್ಕಿದ್ದು ಫಿಸಿಕ್ಸಿನಲ್ಲಿ. ಕೆಮಿಕಲ್ ಫಿಸಿಕ್ಸ್ ಅಂದರೆ ಹೆಚ್ಚುಕಡಿಮೆ ಇದೇ ಕೆಲಸ.

ಇದು ನನಗೆ ತಿಳಿದದ್ದು ಡಿಗ್ರಿ ಮುಗಿದು ಎಷ್ಟೋ ವರ್ಷದ ಮೇಲೆ. ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ) ಓದುವಾಗ ಕ್ವಾಂಟಮ್ ಮೆಕ್ಯಾನಿಕ್ಸಿನ ಮೂಲ ಲೆಕ್ಕವಾದ ಶ್ರೋಡಿಂಗರ್ ಸಮೀಕರಣ ನಮಗೆ ಎರಡು ಸಲ ಬಂತು. ಫಿಸಿಕ್ಸ್ ಮೇಷ್ಟ್ರು ಪೆಟ್ಟಿಗೆಯೊಳಗಿನ ಕಣ ಅಂತ ಲೆಕ್ಕ ಮಾಡಿಸಿದರು. ಕೆಮಿಸ್ಟ್ರಿ ಮೇಡಂ ಡಂಬೆಲ್ ಆಕಾರದ ಆರ್ಬಿಟಲ್ (ಪರಮಾಣುವಿನಲ್ಲಿ ಎಲೆಕ್ಟ್ರಾನ್ ಸಿಗುವ ಜಾಗ) ಬರೆಸಿ, ನೀಟಾಗಿ ಶೇಡ್ ಮಾಡಿ ಅಂದರು. ಎರಡೂ ಒಂದೇ ಸಮೀಕರಣದಿಂದ ಬಂದದ್ದು ಅಂತ ಇಬ್ಬರೂ ಹೇಳಲಿಲ್ಲ. ಎರಡು ಡಿಪಾರ್ಟ್‌ಮೆಂಟಿನ ನಡುವೆ ಹತ್ತು ಹೆಜ್ಜೆಯ ವರಾಂಡ ಇತ್ತು, ಅಷ್ಟೇ. ಅದನ್ನು ದಾಟುವವರು ಇರಲಿಲ್ಲ.

ಹೊರಗೆ ಮಾತ್ರ ದಾಟಿದವರೇ ಜಾಸ್ತಿ. 1998ರ ಕೆಮಿಸ್ಟ್ರಿ ನೊಬೆಲ್ ಪಡೆದ ಇಬ್ಬರನ್ನೇ ನೋಡಿ. ವಾಲ್ಟರ್ ಕೋನ್ ಫಿಸಿಕ್ಸಿನವರು, ಜಾನ್ ಪೋಪಲ್ ಗಣಿತ ಓದಿದವರು. ಅಣುಗಳಿಗೆ ತಾಗಿ ಚದುರಿದ ಬೆಳಕಿನ ಬಣ್ಣ ಸ್ವಲ್ಪ ಬದಲಾಗುತ್ತದೆ ಅಂತ 1928ರಲ್ಲಿ ಸಿ.ವಿ. ರಾಮನ್ ಕಂಡುಹಿಡಿದ ಪರಿಣಾಮಕ್ಕೆ ನೊಬೆಲ್ ಬಂದದ್ದು ಫಿಸಿಕ್ಸಿನಲ್ಲಿ, ಆದರೆ ಆ ಬೆಳಕಿನಿಂದ ಅಣುವನ್ನು ಗುರುತಿಸುವ ರಾಮನ್ ಸ್ಪೆಕ್ಟ್ರೋಸ್ಕೋಪಿ ಇವತ್ತು ಕೆಮಿಸ್ಟ್ರಿ ಲ್ಯಾಬುಗಳ ದಿನದ ಕೆಲಸ. 'ಜರ್ನಲ್ ಆಫ್ ಕೆಮಿಕಲ್ ಫಿಸಿಕ್ಸ್' 1933ರಿಂದಲೇ ಬರುತ್ತಿದೆ. ಭಾವ ಅಂದುಕೊಂಡ ಹಾಗೆ ನಿನ್ನೆ ಮೊನ್ನೆ ಹುಟ್ಟಿದ ಕೋರ್ಸ್ ಏನಲ್ಲ.

ಹಾಗಂತ ಕಣ್ಣು ಮುಚ್ಚಿ ಸೇರು ಅಂತ ನಾನು ಹೇಳುವುದಿಲ್ಲ. ಎರಡೂ ಸ್ವಲ್ಪ ಸ್ವಲ್ಪ ಇರುತ್ತೆ, ಹಗುರ ಇರುತ್ತೆ ಅಂದುಕೊಂಡವರು ಒದ್ದಾಡುತ್ತಾರೆ. ಇಲ್ಲಿ ಮುಖ್ಯ ಬಂಡವಾಳ ಗಣಿತ. ಮ್ಯಾಟ್ರಿಕ್ಸ್, ಡಿಫರೆನ್ಷಿಯಲ್ ಈಕ್ವೇಷನ್ ಕಂಡರೆ ತಲೆನೋವು ಅನ್ನುವವರು ಸುಮ್ನೆ ಕೆಮಿಸ್ಟ್ರಿ ತೆಗೆದುಕೊಳ್ಳುವುದು ಒಳ್ಳೆಯದು. ಕಂಪ್ಯೂಟರ್ ಪ್ರೋಗ್ರಾಮ್ ಬರೆಯಲೂ ಕಲಿಯಬೇಕು, ಯಾಕೆಂದರೆ ಒಂದು ಎಲೆಕ್ಟ್ರಾನಿನ ಹೈಡ್ರೋಜನ್ ದಾಟಿ ಎರಡು ಎಲೆಕ್ಟ್ರಾನಿನ ಹೀಲಿಯಂಗೆ ಬಂದರೆ ಸಾಕು, ಕೈಲೆಕ್ಕದಲ್ಲಿ ಕರಾರುವಾಕ್ಕಾದ ಉತ್ತರ ಸಿಗುವುದಿಲ್ಲ. ಆರ್ಗ್ಯಾನಿಕ್ ಕೆಮಿಸ್ಟ್ರಿ ಕಡಿಮೆ ಇರುವುದರಿಂದ ಔಷಧ ಕಂಪನಿಯ ಸಿಂಥೆಸಿಸ್ ಲ್ಯಾಬ್ (ಹೊಸ ಅಣು ತಯಾರಿಸುವ ಜಾಗ) ಅಷ್ಟು ಸುಲಭದ ದಾರಿ ಆಗುವುದಿಲ್ಲ. ಮೇಷ್ಟ್ರ ಕೆಲಸದ ಆಸೆ ಇದ್ದರೆ ಅಂಕಪಟ್ಟಿಯಲ್ಲಿ ಯಾವ ವಿಷಯದ ಹೆಸರಿರುತ್ತದೆ ಅಂತ ಸೇರುವ ಮುಂಚೆಯೇ ವಿಚಾರಿಸಿಕೊಳ್ಳಬೇಕು.

ಇನ್ನು ಎಲ್ಲಿ ಓದುವುದು? ಇದೇ ಹೆಸರಿನ ಡಿಗ್ರಿ ಎಡಿನ್‌ಬರೊ, ಗ್ಲಾಸ್ಗೊಗಳಲ್ಲಿದೆ. ಕಾಫಿ ರೇಟು ನಂಬಿಕೊಂಡು ಅಲ್ಲಿಗೆ ಕಳಿಸುವ ಮಾತು ಬೇಡ. ಬೆಂಗಳೂರಿನ ಐಐಎಸ್‌ಸಿಯಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆ) 2011ರಲ್ಲಿ ಶುರುವಾದ ನಾಲ್ಕು ವರ್ಷದ ಡಿಗ್ರಿ ಇದೆ. ಮೊದಲು ಎಲ್ಲರೂ ಎಲ್ಲ ವಿಜ್ಞಾನವನ್ನೂ ಓದಿ, ಆಮೇಲೆ ಒಂದನ್ನು ಮುಖ್ಯ ವಿಷಯ ಅಂತ ಆರಿಸಿಕೊಳ್ಳುತ್ತಾರೆ. ಕೇಂದ್ರ ಸರ್ಕಾರದ ವಿಜ್ಞಾನ ಸಂಸ್ಥೆಗಳಾದ ಐಸರ್‌ಗಳಲ್ಲಿ ಡಿಗ್ರಿ, ಮಾಸ್ಟರ್ಸ್ ಎರಡೂ ಸೇರಿದ ಬಿಎಸ್-ಎಂಎಸ್ ಇದೆ. ಎರಡೂ ಸಿಗದಿದ್ದರೆ ನಮ್ಮ ಜಿಲ್ಲೆಯಲ್ಲೇ ಪಿಸಿಎಂ ಓದಿ, ಆ ವರಾಂಡ ತಾನೇ ದಾಟಬೇಕು.

ಇಷ್ಟೂ ಹೇಳಿದ ಮೇಲೆ ಭಾವ ಚಾಕು ಎತ್ತಿ ನೋಡಿದರು. ಕೆಂಪು ಹಿಡಿದಿರಲಿಲ್ಲ. "ಇಂಜಿನಿಯರಿಂಗ್ ಸೀಟು ಸಿಕ್ಕಿದರೆ?" ಅಂದರು.

ರಾತ್ರಿ ಅಕ್ಕನ ಮಗಳಿಂದ ವಾಟ್ಸಾಪ್ ಬಂತು. ತುತ್ತ ವಿಷ, ಅಡುಗೆ ಪಾತ್ರೆ ಮುಟ್ಟಬೇಡ ಅಂದಿದ್ದೆ. ಹಳೇ ಡಬ್ಬಿ ಮುಚ್ಚಳದಲ್ಲಿ ಅಂಗಳದ ಒಲೆ ಮೇಲೆ ಒಂದು ಚಿಟಿಕೆ ಕಾಯಿಸಿ, ಆರಿದ ಮೇಲೆ ಹನಿ ನೀರು ಬಿಟ್ಟಿದ್ದಾಳೆ. ಫೋಟೋದಲ್ಲಿ ಬಿಳಿ ಪುಡಿಯ ನಡುವೆ ಒಂದು ನೀಲಿ ಚುಕ್ಕೆ. ಕೆಳಗೆ ಬರೆದಿದ್ದಳು: "ಮಾವ, ನೀರು ತಣ್ಣಗಿತ್ತು. ಬಿದ್ದ ತಕ್ಷಣ ಮುಚ್ಚಳ ಬಿಸಿ ಆಯ್ತಲ್ಲ, ಯಾಕೆ?"