ದೋಟಿ ಒಕ್ಕೂಟದ ಗುಟ್ಟು

ಶಿರಸಿಯಲ್ಲಿ ಅಡಿಕೆ ದೋಟಿ, ಅಂದರೆ ಮರ ಹತ್ತದೆ ನೆಲದಲ್ಲೇ ನಿಂತು ಗೊನೆ ಕೊಯ್ಯುವ, ಔಷಧಿ ಹೊಡೆಯುವ ಉದ್ದ ಕೋಲು, ಮಾಡುವ ನಾಲ್ಕು ಕಂಪನಿಗಳು ಸೇರಿ ಸಂಶೋಧನಾ ಒಕ್ಕೂಟ ಕಟ್ಟಿವೆ. ನಿನ್ನೆಯವರೆಗೆ ಒಬ್ಬರ ದೋಟಿ ಮುರಿಯಿತು ಅಂದರೆ ಇನ್ನೊಬ್ಬರು ಪೇಡೆ ಹಂಚುತ್ತಿದ್ದರು. ಇವತ್ತು ಒಂದೇ ವೇದಿಕೆ, ಒಬ್ಬರ ಹೆಗಲಿಗೆ ಇನ್ನೊಬ್ಬರ ಶಾಲು.

ಮೊದಲ ಸಭೆ ಬ್ಯಾನರಿಗೇ ಮುಗಿಯಿತು. ಯಾರ ಹೆಸರು ಮೊದಲು? ಅಕಾರಾದಿಯಾಗಿ ಹಾಕೋಣ ಎಂದರು. ಮರುದಿನ ಒಬ್ಬರು ಕಂಪನಿಯ ಹೆಸರಿನ ಶುರುವಿಗೆ ‘ಅಖಿಲ’ ಸೇರಿಸಿಕೊಂಡು ಬಂದರು. ಸರಿ, ಹೆಸರುಗಳನ್ನು ದುಂಡಗೆ ಬರೆಸೋಣ ಎಂದಾಯಿತು. ಈಗ ಗಡಿಯಾರದ ಹನ್ನೆರಡರ ಜಾಗಕ್ಕೆ ಜಗಳ.

ಎರಡನೇ ಸಭೆಗೆ ‘ತಂತ್ರಜ್ಞಾನ ವಿನಿಮಯ’ ಅಂತ ಹೆಸರು. ನಾಲ್ವರೂ ದೋಟಿ ತಂದಿದ್ದರು. ದೋಟಿಯ ಜೀವ ಇರುವುದು ಕೊಳವೆಗೆ ಕೊಳವೆ ಕೂಡುವ ಲಾಕಿನಲ್ಲಿ. ನಾಲ್ಕೂ ದೋಟಿಗಳ ಲಾಕಿಗೆ ಹಳೇ ಪೇಪರ್ ಸುತ್ತಿ, ಮೇಲಿಂದ ಟೇಪ್ ಹೊಡೆದಿತ್ತು. ಒಬ್ಬರು ಅದರ ಮೇಲೆ ಸಹಿಯನ್ನೂ ಹಾಕಿದ್ದರು. ಎಲ್ಲರೂ ಎಲ್ಲರ ಪೇಪರನ್ನೂ ಮೆಚ್ಚಿಕೊಂಡು ಮನೆಗೆ ಹೋದರು.

ಸುಮ್ನೆ ನಮ್ಮವರನ್ನೇ ಆಡಿಕೊಳ್ಳುವುದು ಬೇಡ. 1987ರಲ್ಲಿ ಅಮೆರಿಕದ 14 ಚಿಪ್ ಕಂಪನಿಗಳು, ಜಪಾನಿನ ಹೊಡೆತ ತಾಳಲಾರದೆ, ಸೆಮಾಟೆಕ್ ಅಂತ ಒಕ್ಕೂಟ ಕಟ್ಟಿದವು. ಅಲ್ಲಿನ ಸರ್ಕಾರ ವರ್ಷಕ್ಕೆ ಸುಮಾರು 10 ಕೋಟಿ ಡಾಲರ್ ಕೊಟ್ಟಿತು. ಚಿಪ್ ಮಾಡುವ ವಿಧಾನವನ್ನೇ ಒಟ್ಟಿಗೆ ಸುಧಾರಿಸುವ ಯೋಚನೆ ಇತ್ತು. ಆದರೆ ಅಲ್ಲೂ ತಮ್ಮ ಗುಟ್ಟು ಬಿಚ್ಚಲು ಯಾರೂ ತಯಾರಿರಲಿಲ್ಲ. ಕೊನೆಗೆ ಅವರು ಜಾಣರಾದರು. ನಮ್ಮ ಗುಟ್ಟು ನಮಗಿರಲಿ, ನಮಗೆಲ್ಲ ಯಂತ್ರ ಮಾಡಿಕೊಡುವವರನ್ನು ಸೇರಿ ಸುಧಾರಿಸೋಣ ಎಂದು ಆ ಕಡೆ ಹೊರಳಿದರು.

ನಮ್ಮವರಿಗೂ ಅಂಥ ದಾರಿ ಇತ್ತು. ನಾಲ್ವರೂ ಕಾರ್ಬನ್ ಫೈಬರ್ ಕೊಳವೆ ಹೊರಗಿನಿಂದಲೇ ತರಿಸುವವರು. ಅದು ಎಷ್ಟು ಬಳುಕುತ್ತದೆ, ಎಲ್ಲಿ ಬಿರುಕು ಬಿಡುತ್ತದೆ ಅಂತ ಸೇರಿ ಪರೀಕ್ಷೆ ಮಾಡಬಹುದಿತ್ತು. ಆದರೆ ಯಾರಿಂದ ತರಿಸುತ್ತಾರೆ ಅನ್ನುವುದೂ ಗುಟ್ಟು! ಇನ್ನೊಂದು ಮಾತು: ಕಾರ್ಬನ್ ಫೈಬರಿನಲ್ಲಿ ಕರೆಂಟ್ ಹರಿಯುತ್ತದೆ. ತೋಟದ ಮೇಲೆ ಹಾದುಹೋದ ತಂತಿಗೆ ದೋಟಿ ತಗುಲಿದರೆ ಹಿಡಿದವನ ಕಥೆ ಮುಗಿಯಿತು. ಅದು ಯಾವ ಕಂಪನಿಯದು ಅಂತ ತಂತಿ ಕೇಳುವುದಿಲ್ಲ. ಈ ವಿಷಯ ಅಜೆಂಡಾದಲ್ಲಿ ‘ಇತರೆ’ ಅನ್ನುವುದರ ಕೆಳಗೆ ಇತ್ತು. ಅಷ್ಟರಲ್ಲಿ ಊಟದ ಹೊತ್ತಾಯಿತು. ಅಪ್ಪೆಹುಳಿ ಮಾತ್ರ ಚೆನ್ನಾಗಿತ್ತು.

ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆದು ಹೊಡೆದು ಹೆಗಲು ಸೋತ ಹಿರಿಯರೊಬ್ಬರು ಎದ್ದು ಕೇಳಿದರು: “ದೋಟಿ ತೂಕ ಕಮ್ಮಿ ಆಗ್ತಾ ತಮಾ?”

“ಅದು ಎರಡನೇ ಹಂತ, ಹೆಗಡೇರೆ.”

“ಮೊದಲನೇದು?”

“ಲೋಗೋ.”

ಹಾಗಂತ ಒಕ್ಕೂಟದಿಂದ ಏನೂ ಆಗಿಲ್ಲ ಅನ್ನುವಂತಿಲ್ಲ. ವಾರದೊಳಗೆ ನಾಲ್ಕೂ ಅಂಗಡಿಯಲ್ಲಿ ದೋಟಿಗೆ ಒಂದೇ ರೇಟು. ಮೊದಲಿಗಿಂತ ಜಾಸ್ತಿ, ಅದನ್ನು ಬೇರೆ ಹೇಳಬೇಕಾ? ಪೈಪೋಟಿಯವರು ಕೂಡಿ ದರ ಕಟ್ಟುವುದನ್ನು 2002ರ ಸ್ಪರ್ಧಾ ಕಾಯ್ದೆ ಒಪ್ಪುವುದಿಲ್ಲ. ಕೆಲಸದ ದಕ್ಷತೆ ಹೆಚ್ಚಿಸುವ ಜಂಟಿ ಉದ್ಯಮಕ್ಕೆ ಮಾತ್ರ ಅದರಲ್ಲಿ ಒಂದು ಸಂದಿ ಇದೆ. ಇದನ್ನು ಅಧ್ಯಕ್ಷರ ಕಿವಿಗೆ ಹಾಕಿದೆ. ಅವರು ಸ್ವಲ್ಪವೂ ಗಲಿಬಿಲಿಯಾಗಲಿಲ್ಲ.

“ನಾವೆಲ್ಲಿ ದರ ಕಟ್ಟಿದೆವು ಮಾರಾಯ್ರೆ? ನಾಲ್ಕೂ ಕಡೆ ಬೇರೆಬೇರೆ ಲೆಕ್ಕ ಹಾಕಿದರೂ ಒಂದೇ ಉತ್ತರ ಬಂತು. ಸಂಶೋಧನೆ ಅಂದರೆ ಅದೇ ಅಲ್ವಾ?”