ಹೃದಯದ ಜೀನ್ ಮಾಹಿತಿ ಆನ್‌ಲೈನ್‌ನಲ್ಲಿ ಎಲ್ಲರಿಗೂ ತೆರೆದಿರಬೇಕೇ?

ಪರ: ಬೀಗ ಹಾಕಿದರೆ ನಷ್ಟ ನಮಗೇ

ಚೆನ್ನಾಗಿ ಆಡುತ್ತಿದ್ದ ಹುಡುಗ ಮೈದಾನದಲ್ಲೇ ಕುಸಿದು ಬಿದ್ದ ಅಂತ ಆಗಾಗ ಓದುತ್ತೇವಲ್ಲ, ಅಂಥ ಕೆಲವು ಸಾವುಗಳ ಹಿಂದೆ ಎಚ್‌ಸಿಎಂ ಇರುತ್ತದೆ. ಅಂದರೆ ಹೃದಯದ ಸ್ನಾಯು ದಪ್ಪಗಾಗುವ ಕಾಯಿಲೆ. ಬಹಳ ಸಲ ವಂಶದಲ್ಲೇ ಬರುತ್ತದೆ. ಅದಕ್ಕೇ ಮನೆಯಲ್ಲಿ ಒಬ್ಬರಿಗಿದ್ದರೆ ಉಳಿದವರಿಗೂ ಜೀನ್ ಪರೀಕ್ಷೆ ಮಾಡಿಸಿ ಅನ್ನುತ್ತಾರೆ.

ರಿಪೋರ್ಟ್ ಬಂತು ಅಂದುಕೊಳ್ಳಿ. ಡಿಎನ್ಎಯ ಒಂದಕ್ಷರ ಬದಲಾಗಿದೆ. ಇದು ಅಪಾಯವೋ, ಸುಮ್ನೆ ಇರುವ ವ್ಯತ್ಯಾಸವೋ? ವೈದ್ಯರು ನೋಮ್ಯಾಡ್ ಅನ್ನುವ, ಲಕ್ಷಾಂತರ ಜನರ ಜೀನ್ ಮಾಹಿತಿ ಇರುವ ವೆಬ್‌ಸೈಟ್ ತೆರೆದು ಹುಡುಕುತ್ತಾರೆ. ಆ ಬದಲಾವಣೆ ಯಾವ ಜನರಲ್ಲಿ ಎಷ್ಟಿದೆ ಅಂತ ಅಲ್ಲಿ ಸಾಲುಸಾಲಾಗಿ ಕಾಣುತ್ತದೆ. ಬಹಳ ಜನರಲ್ಲಿದ್ದರೆ ಅದು ಕಾಯಿಲೆ ತರುವ ಸಾಧ್ಯತೆ ಕಡಿಮೆ. ಬೇರೆ ಲ್ಯಾಬ್‌ಗಳು ಏನು ಹೇಳಿವೆ ಅಂತ ಕ್ಲಿನ್‌ವಾರ್ ಅನ್ನುವ ಇನ್ನೊಂದು ವೆಬ್‌ಸೈಟ್‌ನಲ್ಲಿ ನೋಡುತ್ತಾರೆ. ಎರಡಕ್ಕೂ ದುಡ್ಡಿಲ್ಲ, ಲಾಗಿನ್ ಇಲ್ಲ. ಆದರೆ ಅಲ್ಲಿ ಯುರೋಪಿನ ಮೂಲದವರೇ ಜಾಸ್ತಿ, ನಮ್ಮ ಕಡೆಯವರು ಕಡಿಮೆ. ಅವರಲ್ಲಿ ಅಪರೂಪ ಅಂದ ಮಾತ್ರಕ್ಕೆ ನಮ್ಮಲ್ಲೂ ಅಪರೂಪವೇ?

ಅಮೆರಿಕದಲ್ಲಿ ಇದೇ ಎಡವಟ್ಟಾಗಿತ್ತು. ಆಫ್ರಿಕನ್ ಮೂಲದವರಲ್ಲಿ ಮಾಮೂಲಾಗಿರುವ ಕೆಲವು ಬದಲಾವಣೆಗಳನ್ನೇ ಎಚ್‌ಸಿಎಂ ತರುವಂಥವು ಅಂತ ರೋಗಿಗಳಿಗೆ ರಿಪೋರ್ಟ್ ಕೊಟ್ಟಿದ್ದರು. ತೆರೆದಿಟ್ಟ ಮಾಹಿತಿಯನ್ನು ಜಾಲಾಡಿದ್ದರಿಂದಲೇ 2016ರಲ್ಲಿ ತಪ್ಪು ಬಯಲಾಯಿತು.

ನಮ್ಮದೇ ಒಂದು ಕತೆಯಿದೆ. ಎಂವೈಬಿಪಿಸಿ3 ಅನ್ನುವ ಜೀನ್‌ನಲ್ಲಿ 25 ಅಕ್ಷರ ಬಿಟ್ಟುಹೋಗಿರುವುದು ಭಾರತದಲ್ಲಿ ನೂರಕ್ಕೆ ಸುಮಾರು 4 ಜನರಲ್ಲಿದೆ, ಅವರಿಗೆ ಹೃದಯಸ್ನಾಯುವಿನ ಕಾಯಿಲೆಯ ಅಪಾಯ ಹೆಚ್ಚು ಅಂತ 2009ರಲ್ಲಿ ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಸಿಸಿಎಂಬಿಯವರೂ ಇದ್ದ ತಂಡ ಹೇಳಿತು. ಇನ್ನಷ್ಟು ರೋಗಿಗಳ ಮಾಹಿತಿ ಜೋಡಿಸಿ ನೋಡಿದಾಗ, 2020ರಲ್ಲಿ, ಚಿತ್ರ ಬದಲಾಯಿತು. ಎಚ್‌ಸಿಎಂಗೆ ಕಾರಣ ಆ ಕೊರತೆಯಲ್ಲ, ಕೆಲವರಲ್ಲಿ ಅದರ ಜೊತೆಗೇ ಬರುವ ಇನ್ನೊಂದು ಬದಲಾವಣೆ ಅಂತ ಗೊತ್ತಾಯಿತು. ಮಾಹಿತಿ ಬೇಗ ಕೈಗೆ ಬಂದಿದ್ದರೆ ಇದೂ ಬೇಗ ತಿಳಿಯುತ್ತಿತ್ತು.

ಬೆಂಗಳೂರಿನ ಐಐಎಸ್‌ಸಿ ಆವರಣದ ಮೆದುಳು ಸಂಶೋಧನಾ ಕೇಂದ್ರ ಮುಂದೆ ನಿಂತು ನಡೆಸಿದ ಜೀನೋಮ್ ಇಂಡಿಯಾ ಯೋಜನೆಯಲ್ಲಿ 10,000 ಜನರ ಜೀನೋಮ್, ಅಂದರೆ ಪೂರ್ತಿ ಡಿಎನ್ಎ, ಓದಿದ್ದಾರೆ. 2025ರ ಜನವರಿಯಿಂದ ಅದು ಫರೀದಾಬಾದಿನ ದತ್ತಾಂಶ ಕೇಂದ್ರದಲ್ಲಿ ಸಂಶೋಧಕರಿಗೆ ಸಿಗುತ್ತಿದೆ. ಜಿಲ್ಲಾ ಆಸ್ಪತ್ರೆಯ ವೈದ್ಯರೂ ಮೊಬೈಲ್‌ನಲ್ಲೇ ನೋಡುವಷ್ಟು ಅದು ಸಲೀಸಾಗಬೇಕು.

ವಿರೋಧ: ರಕ್ತ ಕೊಟ್ಟವರು ಒಬ್ಬರು, ಬಯಲಾಗುವವರು ಮನೆಮಂದಿ

ಹೆಸರು ತೆಗೆದಿದ್ದೇವಲ್ಲ, ಇನ್ನೇನು ಭಯ ಅಂತಾರೆ. 2013ರಲ್ಲಿ ಅಮೆರಿಕದ ಸಂಶೋಧಕರು ಹೆಸರಿಲ್ಲದ ಜೀನೋಮ್‌ಗಳನ್ನು ವಂಶಾವಳಿ ವೆಬ್‌ಸೈಟ್‌ಗಳ ಜೊತೆ ತಾಳೆ ಹಾಕಿ ಸುಮಾರು 50 ಜನರನ್ನು ಪತ್ತೆ ಮಾಡಿಬಿಟ್ಟರು. ಯಾವ ಕಂಪ್ಯೂಟರಿಗೂ ಕನ್ನ ಹಾಕಲಿಲ್ಲ. ಎಲ್ಲ ತೆರೆದೇ ಇತ್ತು.

ಅಕ್ಕ ರಕ್ತ ಕೊಟ್ಟರೆ ತಂಗಿಯ ವಿಷಯವೂ ಅರ್ಧ ಹೊರಬಿದ್ದಂತೆ. ತಂಗಿಯನ್ನು ಯಾರಾದರೂ ಕೇಳಿದರಾ? ನಮ್ಮಲ್ಲಂತೂ ಜಾತಿಯೊಳಗೇ ಮದುವೆ, ಸೋದರಮಾವನಿಗೇ ಹೆಣ್ಣು. ಒಂದು ಬದಲಾವಣೆ ಒಂದು ಸಮುದಾಯದಲ್ಲಿ ಹೆಚ್ಚು ಅಂತ ಪೇಪರಿನಲ್ಲಿ ಬರಲಿ ನೋಡಿ. 'ಅವರ ಕಡೆ ಹಾರ್ಟ್ ಪ್ರಾಬ್ಲಂ ಇದೆಯಂತೆ, ಬೇಡ ಬಿಡಿ' ಅನ್ನುವ ಮಾತು ಜಾತಕ ಬಿಚ್ಚುವ ಮೊದಲೇ ಬರುತ್ತದೆ.

ವಿಮೆಯವರ ಕತೆ ಬೇರೆ. ಎಚ್‌ಸಿಎಂ ಇದ್ದ ರೋಗಿಯೊಬ್ಬರ ಕ್ಲೇಮನ್ನು ವಂಶದ ಕಾಯಿಲೆ ಅನ್ನುವ ಕಾರಣ ಕೊಟ್ಟು ತಳ್ಳಿಹಾಕಿದ್ದರು. 2018ರಲ್ಲಿ ದೆಹಲಿ ಹೈಕೋರ್ಟ್ ರೋಗಿಯ ಪರವಾಗಿ ತೀರ್ಪು ಕೊಟ್ಟಿತು, ಸರಿ. ಆದರೆ ಎಲ್ಲರೂ ಅಷ್ಟು ದೂರ ಕೋರ್ಟಿಗೆ ಅಲೆಯೋಕೆ ಆಗುತ್ತಾ?

ಆ 25 ಅಕ್ಷರದ ಕತೆಯನ್ನೇ ತಿರುಗಿಸಿ ನೋಡಿ. 2009ರಿಂದ 2020ರವರೆಗೆ, 11 ವರ್ಷ, ನೂರಕ್ಕೆ 4 ಜನ ಅಪಾಯದವರು ಅಂತಲೇ ಲೆಕ್ಕ. ಯಾರಲ್ಲಿದೆ ಅನ್ನುವುದು ವಿಮಾ ಏಜೆಂಟರ ಕೈಗೂ ಸಿಗುವಂತಿದ್ದಿದ್ದರೆ? ವಿಜ್ಞಾನಿಗಳು ಮಾತು ತಿದ್ದಿಕೊಂಡರು, ಒಳ್ಳೆಯದೇ. ಪಾಲಿಸಿ ಸಿಗದವರಿಗೆ ಅದರಿಂದೇನು ಬಂತು?

ಮಾಹಿತಿ ಬೇಕಾದವರು ಅರ್ಜಿ ಹಾಕಲಿ, ಯಾತಕ್ಕೆ ಬೇಕು ಅಂತ ಬರೆಯಲಿ, ಒಂದೆರಡು ತಿಂಗಳು ಕಾಯಲಿ. ಅಮೆರಿಕದಲ್ಲಿ 1948ರಲ್ಲಿ ಶುರುವಾದ ಫ್ರೇಮಿಂಗ್‌ಹ್ಯಾಮ್ ಹೃದಯ ಅಧ್ಯಯನದ ಜೀನ್ ಮಾಹಿತಿಗೂ ಅರ್ಜಿ ಹಾಕಲೇಬೇಕು. ಅಲ್ಲಿನ ಸಂಶೋಧನೆಯೇನೂ ನಿಂತಿಲ್ಲ.